ದಂಡದ ಹಣ ಯಾವ ಬೀದಿಗೆ?

ಸಂಚಾರ ನಿಯಮಗಳನ್ನು ಮುರಿದು ವರ್ಷಗಟ್ಟಲೆ ದಂಡ ತೆರದೆ ಉಳಿದವರಿಗೆ ಅರ್ಧ ಮೊತ್ತವನ್ನು ಮನ್ನಿಸಿ, ಉಳಿದರ್ಧವನ್ನು ಕಟ್ಟಿ ಋಣಮುಕ್ತರಾಗಿರೆಂದು ಕರ್ನಾಟಕ ಸರ್ಕಾರವು 2023ರ ಫೆಬ್ರವರಿಯಲ್ಲಿ ಒಮ್ಮೆ, 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಕರೆಕೊಟ್ಟಾಗ, ಬೆಂಗಳೂರೊಂದರಿಂದಲೇ ಎರಡು ಸಲವೂ ನೂರು ಕೋಟಿ ರೂಪಾಯಿಗೆ ಮಿಕ್ಕ ಹಣ ಕೆಲವೇ ದಿನಗಳಲ್ಲಿ ಬೊಕ್ಕಸಕ್ಕೆ ಬಂದು ಸೇರಿತು. ಆಗ ಎದ್ದ ವಾದವಿವಾದವೆಲ್ಲ ರಿಯಾಯಿತಿಯ ನ್ಯಾಯಾನ್ಯಾಯವನ್ನು ಕುರಿತದ್ದಾಗಿತ್ತು, ಸಕಾಲದಲ್ಲಿ ಪೂರ್ತಿ ದಂಡ ತೆತ್ತವನು ಮೂಢನೆ, ತಲೆತಪ್ಪಿಸಿಕೊಂಡವನು ಜಾಣನೆ ಎಂದು ಜನ ಕೇಳಿದರು, ಕೇಳಿದ್ದು ಸರಿಯೇ. ಆದರೆ ಹೀಗೆ ಕೂಡಿಬಂದ ದ್ರವ್ಯದಲ್ಲಿ ಎಷ್ಟು ಪಾಲು ಬೀದಿಗಳನ್ನು ನಿರಪಾಯಗೊಳಿಸುವುದಕ್ಕೆ ವಿನಿಯೋಗವಾಗುತ್ತದೆ, ಯಾವ ಬೀದಿಗೆ, ಯಾವ ಲೆಕ್ಕವನ್ನು ಆಧರಿಸಿ ಎಂದು ವಿಚಾರಿಸಿದವರು ವಿರಳ. ದಂಡದ ಹಣ ರಾಜ್ಯದ ಸಂಚಿತ ನಿಧಿಗೆ ಹೋಗುತ್ತದೆ. ಹೋದ ಮೇಲೆ ಅದು ಅಬಕಾರಿಯ ಹಣವೋ ಮುದ್ರಾಂಕದ ಹಣವೋ ಸಂಚಾರ ದಂಡದ ಹಣವೋ ಎಂಬ ಕುರುಹು ಉಳಿಯುವುದಿಲ್ಲ.

ಈ ಪ್ರಶ್ನೆಯನ್ನು ವಿಧಾನಸೌಧಕ್ಕೆ ಕೂಗಳತೆಯಲ್ಲವಾದರೂ ನಡಿಗೆಯಳತೆಯಲ್ಲಿರುವ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಎದುರು ನಿಂತು ಕೇಳುವುದು ಉಚಿತವೆಂದು ನನಗೆ ತೋರುತ್ತದೆ. 1927ರಲ್ಲಿ ನಿರ್ಮಿತವಾಗಿ, 1933ರಲ್ಲಿ ಇಸ್ಮಾಯಿಲ್ ಸೇಟರಿಂದ ಉದ್ಘಾಟನೆಗೊಂಡು, ದಂಡು ಪ್ರದೇಶದ ಪೌರಾಡಳಿತದ ಕಮಿಷನರಾಗಿದ್ದ ಟಿ. ಬಿ. ರಸೆಲ್ಲರ ಹೆಸರನ್ನು ಹೊತ್ತಿರುವ ಈ ಕಟ್ಟಡದ ಸುತ್ತಣ ಬೀದಿಗಳು ಜಟಕಾ ಗಾಡಿಗಳ ಕಾಲದವು. ಒಂದು ಕಡೆ ಸಂತ ಮೇರಿಯಮ್ಮನವರ ಬೆಸಿಲಿಕಾ, ಅನತಿದೂರದಲ್ಲಿ ಪೂರ್ವ ಬೆಂಗಳೂರಿನ ಮೂಲೆಮೂಲೆಗೂ ಬಸ್ಸು ಹೊರಡಿಸುವ ಶಿವಾಜಿನಗರ ನಿಲ್ದಾಣ, ನಡುವೆ ಹಣ್ಣು, ತರಕಾರಿ, ಮೀನು, ಮಾಂಸಗಳ ವ್ಯಾಪಾರ, ಬೆಳಗಿನ ಜಾವದಲ್ಲಿ ಮೂಟೆ ಇಳಿಸುವ ಹಮಾಲರು, ಅವರ ಬೆನ್ನಿಗೆ ತಾಗುವಂತೆ ನುಗ್ಗುವ ಆಟೋಗಳು, ತಳ್ಳುಗಾಡಿಗಳು, ರಂಜಾನ್ ಮಾಸದ ಇರುಳುಗಳಲ್ಲಿ ತಿನಿಸಿಗಾಗಿ ನೆರೆಯುವ ಜನಸ್ತೋಮ, ಇವೆಲ್ಲಕ್ಕೂ ಮೇಲಾಗಿ ಮೆಟ್ರೋ ಸುರಂಗ ನಿಲ್ದಾಣಕ್ಕೆಂದು ವರ್ಷಗಳ ಕಾಲ ನಡೆದ ಅಗೆತ. ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಬರುವುದು ಬಸ್ಸಿಳಿದು ಕಾಲ್ನಡಿಗೆಯಲ್ಲಿ. ಆದರೆ ಎರಡು ಕೈಯಲ್ಲೂ ಚೀಲ ಹಿಡಿದ ಮುದುಕಿಯೊಬ್ಬಳು ಅಂಗಡಿಯಿಂದ ಬಸ್ಸಿನವರೆಗೆ ಗಾಬರಿಯಿಲ್ಲದೆ ನಡೆದುಹೋಗುವ ಹಾದಿಯನ್ನು ಈ ಪೌರಾಡಳಿತ ಇಂದಿಗೂ ಕಲ್ಪಿಸಿಲ್ಲ.

ಏಕೆ ಕಲ್ಪಿಸಿಲ್ಲವೆಂದರೆ, ಸರ್ಕಾರದ ನಕ್ಷೆಯ ಮೇಲೆ ಈ ಬೀದಿಯ ಅಪಾಯ ಕಾಣಿಸುವುದೇ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನ ತುಂಡಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳುಂಟಾದ ಐದು ಅಪಘಾತಗಳು, ಇಲ್ಲವೆ ಹತ್ತು ಸಾವುಗಳು ಸಂಭವಿಸಿದ್ದರೆ ಆ ಸ್ಥಳವನ್ನು ಬ್ಲ್ಯಾಕ್‌ಸ್ಪಾಟ್ ಎಂದು ಕರೆಯಬೇಕೆಂಬುದು ಕೇಂದ್ರ ಸಾರಿಗೆ ಸಚಿವಾಲಯ ಹಾಕಿಕೊಟ್ಟ ಸೂತ್ರ. ವೇಗವಾಗಿ ಓಡುವ ವಾಹನಗಳ ಹೆದ್ದಾರಿಗೆ ಇದು ಯುಕ್ತವೇ ಇರಬಹುದು. ಮಾರುಕಟ್ಟೆಯ ಬೀದಿಗೆ ಇದು ಹೊಂದುವುದಿಲ್ಲ. ಇಲ್ಲಿ ವಾಹನ ನಿಧಾನ, ಸಾವು ವಿರಳ, ಪೆಟ್ಟು ನಿತ್ಯ. ಆಟೋ ತಾಗಿ ಬಿದ್ದ ಮುದುಕನ ಸೊಂಟದ ಮೂಳೆ ಮುರಿದರೆ, ನಾಲ್ಕು ಜನ ಸೇರಿ ಚಾಲಕನಿಂದ ಐನೂರೋ ಸಾವಿರವೋ ಕೊಡಿಸಿ, ಗಾಯಾಳುವನ್ನು ಬೌರಿಂಗ್ ಆಸ್ಪತ್ರೆಗೆ ಸಾಗಿಸುವುದರೊಂದಿಗೆ ಪ್ರಕರಣ ಮುಗಿಯುತ್ತದೆ. ಠಾಣೆಯ ಪುಸ್ತಕಕ್ಕೆ ಅದು ಏರುವುದಿಲ್ಲ. ಅಪಘಾತಗಳ ವಿವರವನ್ನು ಸ್ಥಳದಲ್ಲಿಯೇ ಮೊಬೈಲ್ ಫೋನಿನಲ್ಲಿ ದಾಖಲಿಸುವ ಐರಾಡ್ ಎಂಬ ರಾಷ್ಟ್ರೀಯ ವ್ಯವಸ್ಥೆಯನ್ನು ಐಐಟಿ ಮದ್ರಾಸ್ ರೂಪಿಸಿದಾಗ ಅದನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂಬುದು ಸಂತೋಷದ ಸಂಗತಿಯೇ. ಆದರೂ ಪೊಲೀಸರು ಕಾಣದುದನ್ನು ಆ ಯಂತ್ರವೂ ಕಾಣದು. ಗಾಯಾಳುಗಳ ಲೆಕ್ಕವನ್ನು ಠಾಣೆಯಿಂದಲ್ಲದೆ ಆಸ್ಪತ್ರೆಯಿಂದಲೂ ಪಡೆಯಬೇಕೆಂಬ ವಿವೇಕ ನಮ್ಮೂರಿಗೆ ಹೊಸದಲ್ಲ: ನಿಮ್ಹಾನ್ಸಿನ ಡಾ. ಜಿ. ಗುರುರಾಜ್ ಮತ್ತು ಅವರ ಸಹೋದ್ಯೋಗಿಗಳು 2007ರ ಸುಮಾರಿಗೇ ಬೆಂಗಳೂರಿನ ಆಸ್ಪತ್ರೆಗಳನ್ನೂ ಪೊಲೀಸರನ್ನೂ ಕೂಡಿಸಿಕೊಂಡು ಅಂತಹ ಗಣನೆಯನ್ನು ನಡೆಸಿ ತೋರಿಸಿದ್ದರು. ಅದನ್ನು ಸರ್ಕಾರ ತನ್ನ ನಿತ್ಯಕೃತ್ಯವನ್ನಾಗಿ ಮಾಡಿಕೊಳ್ಳದೆ ಹೋದದ್ದು ನಮ್ಮ ದುರ್ದೈವ.

ಲೆಕ್ಕವಿಟ್ಟು ಖರ್ಚು ಮಾಡಿದಲ್ಲಿ ಫಲ ದೊರೆಯುವುದಿಲ್ಲವೆಂದು ಯಾರಾದರೂ ಹೇಳುವುದಾದರೆ, ಅವರು ದೂರ ಹೋಗಬೇಕಾಗಿಲ್ಲ. ವಿಶ್ವಬ್ಯಾಂಕಿನ ನೆರವಿನ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ ಬೆಳಗಾವಿ–ಯರಗಟ್ಟಿ ನಡುವಣ ಸುಮಾರು 62 ಕಿಲೋಮೀಟರು ರಾಜ್ಯ ಹೆದ್ದಾರಿಯನ್ನು ಮಾದರಿ ಸುರಕ್ಷಾ ಪಥವೆಂದು ಆರಿಸಿ, ಅಪಾಯದ ತಿರುವುಗಳನ್ನು ಸರಿಪಡಿಸಿ, ಊರೊಳಗೆ ವೇಗ ತಗ್ಗಿಸಿ, ಪಾದಚಾರಿಗಳಿಗೆ ಎಡೆ ಬಿಟ್ಟು, ಪೊಲೀಸರ ಗಸ್ತನ್ನೂ ಸೇರಿಸಿದ ಮೇಲೆ, ಅಲ್ಲಿ ಸಾವುಗಳು ಅರ್ಧಕ್ಕಿಂತ ಹೆಚ್ಚಾಗಿ ಇಳಿದುವೆಂದು ವರದಿಯಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮೊದಲ ತಿಂಗಳುಗಳ ಸಾವುಗಳು ನಾಡನ್ನೇ ಬೆಚ್ಚಿಬೀಳಿಸಿದಾಗ, ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನು ಮುಖ್ಯಪಥದಿಂದ ಹೊರಗಿಟ್ಟು, ವೇಗವನ್ನು ಅಳೆಯುವ ಕ್ಯಾಮೆರಾಗಳನ್ನು ನಿಲ್ಲಿಸಿದುದರಿಂದ ಸಂಖ್ಯೆ ಥಟ್ಟನೆ ಕುಸಿಯಿತು. ತಮಿಳುನಾಡು ಅಪಘಾತಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ, 2016ರಲ್ಲಿ 17,218ರಷ್ಟಿದ್ದ ಸಾವುಗಳನ್ನು 2018ರ ವೇಳೆಗೆ 12,216ಕ್ಕೆ ಇಳಿಸಿತು. ಮುಂದೆ ಆ ಶ್ರದ್ಧೆ ಸಡಿಲವಾದಂತೆ ಸಂಖ್ಯೆ ಮತ್ತೆ ಏರಿತೆಂಬುದನ್ನೂ ಪ್ರಾಮಾಣಿಕತೆಯಿಂದ ಹೇಳಬೇಕು. ಕರ್ನಾಟಕದಲ್ಲಿ 2023ರಲ್ಲಿ ರಸ್ತೆಯ ಮೇಲೆ ಅಸುನೀಗಿದವರು ಹನ್ನೆರಡು ಸಾವಿರಕ್ಕೂ ಮಿಕ್ಕವರು. ಬೆಂಗಳೂರಿನ ಪಾಲು ಒಂಬೈನೂರನ್ನು ದಾಟಿತ್ತು.

ಈ ಉದಾಹರಣೆಗಳಲ್ಲಿ ಹೆಚ್ಚಿನವು ಹೆದ್ದಾರಿಗಳವೆಂಬುದನ್ನು ವಾಚಕರು ಗಮನಿಸಿರಬಹುದು. ಹಣವೂ ಮನಸ್ಸೂ ಅಲ್ಲಿಗೇ ಹರಿಯುತ್ತವೆ. ನಗರದೊಳಗೆ ಹಣ ಹರಿಯುವ ಬಗೆ ಬೇರೆ. ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರು ಸುರಂಗ ಕೊರೆಯುವುದಕ್ಕೆ ಸುಮಾರು 17 ಸಾವಿರ ಕೋಟಿ ರೂಪಾಯಿಯ ಸಂಕಲ್ಪ ನಡೆದಿದೆ. ಅದರೊಳಗೆ ಬಸ್ಸಿಳಿದು ನಡೆಯುವವನಿಗೆ ಸ್ಥಾನವಿಲ್ಲ. ಮಾರುಕಟ್ಟೆಯ ಮಗ್ಗುಲಿನ ಕಮರ್ಷಿಯಲ್ ಸ್ಟ್ರೀಟನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಗೆದು, ಕಲ್ಲು ಹಾಸಿ, ಆ ಕಲ್ಲು ಒಂದು ಮಳೆಗಾಲವನ್ನೂ ನೆಟ್ಟಗೆ ತಾಳದೆ 2021ರಲ್ಲಿ ಮತ್ತೆ ಕಿತ್ತುದನ್ನು ಆ ಬೀದಿಯ ವರ್ತಕರು ಮರೆತಿರಲಾರರು. ಅಂದಿನ ವೆಚ್ಚದ ಹಿಂದೆ ಬೀದಿಯ ಅಂದವನ್ನು ಕುರಿತ ಕಲ್ಪನೆಯಿತ್ತು. ಯಾರು ಎಲ್ಲಿ ಬಿದ್ದರು, ಏಕೆ ಬಿದ್ದರು ಎಂಬ ವಿಚಾರವಿದ್ದಂತೆ ಕಾಣೆ.

ದೋಷವನ್ನು ಹೊರಿಸುವಾಗ ಮಾತ್ರ ನಮ್ಮ ಅಧಿಕಾರಿವರ್ಗಕ್ಕೆ ಮಾರುಕಟ್ಟೆ ಒಡನೆಯೇ ಕಣ್ಣಿಗೆ ಬೀಳುತ್ತದೆ. ಬೀದಿಬದಿಯ ವ್ಯಾಪಾರಿಗಳನ್ನು ತೆರವುಗೊಳಿಸಿದರೆ ಎಲ್ಲವೂ ಸರಿಹೋಗುವುದೆಂಬ ವಾದ ಅದು. 2014ರ ಕೇಂದ್ರ ಕಾಯಿದೆ ಅವರಿಗೆ ಜೀವನೋಪಾಯದ ರಕ್ಷಣೆ ನೀಡಿದೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಸಂವಿಧಾನದ 21ನೆಯ ವಿಧಿಯ ಹಕ್ಕೆಂದೂ ಸಾರಿದೆ. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಅಶಕ್ಯವೇನಲ್ಲ. ಸಾಲಾಗಿ ನಿಂತ ಮೋಟಾರ್‌ಸೈಕಲ್ಲುಗಳನ್ನೂ, ಒಳಗಿನ ಸರಕನ್ನು ಹೊರಗೆ ಹರಡುವ ದೊಡ್ಡ ಅಂಗಡಿಗಳನ್ನೂ ಬಿಟ್ಟು ನಿಂಬೆಹಣ್ಣಿನ ಬುಟ್ಟಿಯನ್ನು ಮಾತ್ರ ಲಾರಿಗೆ ಎತ್ತಿಹಾಕುವ ಪರಿಪಾಠ ನಿಲ್ಲಬೇಕು, ಅಷ್ಟೆ. ಪ್ರತಿವರ್ಷ ಸೆಪ್ಟೆಂಬರ್ 8ರ ಮೇರಿಯಮ್ಮನವರ ಉತ್ಸವಕ್ಕೆ ಪೊಲೀಸರು ಇದೇ ಬೀದಿಗಳ ವಾಹನ ಸಂಚಾರವನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಅಂದು ಬೆಂಗಳೂರು ಮುಳುಗಿಹೋದ ವರದಿ ಇಲ್ಲ.

ಆದುದರಿಂದ ನನ್ನ ವಾದ ಇಷ್ಟು: ಸಂಚಾರ ದಂಡದಿಂದ ಬರುವ ಹಣದ ನಿಶ್ಚಿತ ಪಾಲೊಂದನ್ನು ಶಾಸನದ ಮೂಲಕ ರಸ್ತೆ ಸುರಕ್ಷೆಗೆ ಮೀಸಲಿಟ್ಟು, ಅದನ್ನು ನಗರದ ಒಳಬೀದಿಗಳಿಗೂ ತಲಪುವಂತೆ ಹಂಚಬೇಕು. ಹಂಚಿಕೆಗೆ ದಂಡ ವಸೂಲಾದ ಸ್ಥಳ ಆಧಾರವಾಗಕೂಡದು. ಹಾಗೆ ಮಾಡಿದರೆ ಹೆಚ್ಚು ದಂಡ ಹಾಕುವುದೇ ಒಂದು ಉದ್ಯಮವಾದೀತು. ಆಧಾರವಾಗಬೇಕಾದುದು ಗಾಯ ಮತ್ತು ಸಾವು. ಅದರಲ್ಲಿಯೂ ಆಸ್ಪತ್ರೆಯ ಲೆಕ್ಕ. ಹಣಕಾಸು ಇಲಾಖೆಯವರು, ಪ್ರತಿಯೊಂದು ಆದಾಯಕ್ಕೂ ಒಂದೊಂದು ವೆಚ್ಚವನ್ನು ಕಟ್ಟಿಹಾಕುತ್ತ ಹೋದರೆ ಬೊಕ್ಕಸದ ಸ್ವಾತಂತ್ರ್ಯ ಎಲ್ಲಿ ಉಳಿಯಿತೆಂದು ಕೇಳುವರು. ಆಕ್ಷೇಪ ಪೊಳ್ಳಲ್ಲ. ಆದರೆ ಕೇರಳವು 2007ರ ರಸ್ತೆ ಸುರಕ್ಷಾ ಪ್ರಾಧಿಕಾರ ಕಾಯಿದೆಯಲ್ಲಿಯೇ ಪ್ರತ್ಯೇಕ ನಿಧಿಯನ್ನು ಕಲ್ಪಿಸಿ, ವಾಹನಾಪರಾಧಗಳ ರಾಜಿಶುಲ್ಕದ ಒಂದು ಪಾಲನ್ನು ಅದಕ್ಕೆ ಕೊಟ್ಟಿತು. ಅದರಿಂದ ಆ ರಾಜ್ಯದ ಬೊಕ್ಕಸವೇನೂ ಪರತಂತ್ರವಾಗಲಿಲ್ಲ. ನಮ್ಮಲ್ಲಿಯೂ 2017ರ ಕಾಯಿದೆಯಿಂದ ಪ್ರಾಧಿಕಾರವೊಂದು ಹುಟ್ಟಿದೆ. ಕಳಪೆ ವಿನ್ಯಾಸದ ರಸ್ತೆಯಿಂದ ಪ್ರಾಣಹಾನಿಯಾದರೆ ಅದರ ಹೊಣೆಗಾರರು ಒಂದು ಲಕ್ಷ ರೂಪಾಯಿಯವರೆಗೆ ದಂಡ ತೆರಬೇಕೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 198ಎ ಪ್ರಕರಣ ಹೇಳುತ್ತದೆ. ನಡೆಯುವವನಿಗೂ ಓಡಿಸುವವನಿಗೂ ದಂಡ ವಿಧಿಸುವುದರಲ್ಲಿ ತೋರುವ ಚುರುಕನ್ನು ಈ ಪ್ರಕರಣದ ವಿಷಯದಲ್ಲಿ ಯಾವ ಠಾಣೆಯೂ ತೋರಿದಂತಿಲ್ಲ.

ಇದನ್ನೆಲ್ಲ ಪಟ್ಟುಹಿಡಿದು ಕೇಳಬೇಕಾದವನು ವಾರ್ಡಿನ ಸದಸ್ಯ. ಹಿಂದಿನ ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆದು ಶಿವಾಜಿನಗರ ಕೇಂದ್ರ ನಗರ ಪಾಲಿಕೆಯ ಪಾಲಾಯಿತು. ಚುನಾವಣೆ ಎಂದಾದರೂ ಆಗಲಿ; ಆ ಪಾಲಿಕೆಯ ಮುಂದಿನ ಆಯವ್ಯಯಕ್ಕೆ ಮೊದಲೇ ಬೀದಿವಾರು ಗಾಯಾಳುಗಳ ಪಟ್ಟಿಯೊಂದನ್ನು ಪ್ರಕಟಿಸುವುದಕ್ಕೆ ಹೊಸ ಶಾಸನವೂ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಬೌರಿಂಗ್ ಆಸ್ಪತ್ರೆಯಲ್ಲಿ ಒಂದು ಪುಸ್ತಕವಿದೆ, ಸಂಚಾರ ಠಾಣೆಯಲ್ಲಿ ಇನ್ನೊಂದಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಡುವುದಕ್ಕೆ ಒಬ್ಬ ಗುಮಾಸ್ತೆಯೂ, ಅವನಿಗೆ ಅಪ್ಪಣೆ ಕೊಡುವ ಒಬ್ಬ ಆಯುಕ್ತರೂ ಸಾಕು.