ಕೊನೆ ಇಳಿಸುವವರು

ಕಂಟೋನ್ಮೆಂಟ್ ಕಡೆಯ ಪಾನ್ ಅಂಗಡಿಯ ಮುಂದೆ ನಮ್ಮವರು ನಾಲ್ಕು ಜನ ಸೇರಿದರೆ ಎಲೆಯ ಗುಣಗಾನವಾಗುತ್ತದೆ, ಕಾಚು ಸುಣ್ಣಗಳ ಹದದ ಚರ್ಚೆಯೂ ಆಗುತ್ತದೆ. ಅಡಿಕೆಯ ಮಾತೆತ್ತುವವರು ಕಡಿಮೆ. ಬನಾರಸಿ ಪಾನಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಶಿರಸಿ ಅಡಿಕೆಗೆ ಅದು 2019ರಲ್ಲೇ ದೊರೆತಿತ್ತು. ಹಾಗಾಗಿ ಓದುಗ ಮಿತ್ರರೇ, ಈ ಸಲ ಮಲೆನಾಡಿನ ತೋಟದ ವಿಷಯ. (ಅಡಿಕೆ ಜಗಿಯಿರೆಂದು ಹೇಳುತ್ತಿಲ್ಲ. ಅದು ಕ್ಯಾನ್ಸರಿಗೆ ಕಾರಣವೆಂದು ವೈದ್ಯಲೋಕ ಸಾರಿ ವರ್ಷಗಳಾದವು.)

ಘಟ್ಟದ ತೋಟ ಗುಡ್ಡಗಳ ನಡುವಿನ ಕಣಿವೆಯಲ್ಲಿರುತ್ತದೆ. ಬೆಟ್ಟದ ಸೊಪ್ಪನ್ನು ಹೊತ್ತು ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಗೊಬ್ಬರವಾದ ಮೇಲೆ ಮರದ ಬುಡಕ್ಕೆ ಹಾಕುತ್ತಾರೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದು ಬ್ರಿಟಿಷರ ಕಾಲದ ಏರ್ಪಾಡು.

ಕಷ್ಟವೆಲ್ಲ ಆಷಾಢದ ಜಡಿಮಳೆಯಲ್ಲಿ. ಕೊಳೆರೋಗ ಬಿದ್ದರೆ ಎಳೆಗಾಯಿ ಕೊಳೆತು ಉದುರಿ, ವರ್ಷದ ದುಡಿಮೆ ನೆಲದ ಪಾಲು. ಹಿಂದಿನವರು ಕರಡದ ಹುಲ್ಲಿನ ಕೊಟ್ಟೆ ಹೆಣೆದು ಕೊನೆಕೊನೆಗೂ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ಬಳಕೆಗೆ ಬಂತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ಸುಮಾರು 40 ದಿನ ಕಳೆದು ಇನ್ನೊಮ್ಮೆ ಹೊಡೆಯಬೇಕು.

ಹೇಳುವುದು ಸುಲಭ. ಆ ಎರಡನೇ ಸಲ ಮರವೆಲ್ಲ ಪಾಚಿಗಟ್ಟಿ ಜಾರುತ್ತಿರುತ್ತದೆ. ಕೊನೆಗೌಡ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಐವತ್ತು ಅಡಿ ಏರಿ, ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಇಳಿದು ಹತ್ತಲು ಹೊತ್ತಿಲ್ಲ. ಮರ ಮುರಿದು ಬಿದ್ದವರು, ಸೊಂಟ ಮುರಿದು ಹಾಸಿಗೆ ಹಿಡಿದವರು ಆ ಸೀಮೆಯಲ್ಲಿ ಅಪರೂಪವಲ್ಲ. ತೋಟ ಒಬ್ಬರದು, ಬೀಳುವ ಭಯ ಮತ್ತೊಬ್ಬರದು.

ಸೀಗೆ ಹುಣ್ಣಿಮೆಯಂದು ಮಲೆನಾಡಿನವರು ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುತ್ತಾರೆ. ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು, ಬೆಳಕು ಹರಿಯುವ ಮುನ್ನವೇ ಚರಗ ಚೆಲ್ಲಿ ಬರುತ್ತಾರೆ. ನನ್ನ ಮಟ್ಟಿಗೆ ದೀಪಾವಳಿಗಿಂತ ಚೆಂದದ ಹಬ್ಬ. ಅದು ಮುಗಿಯುತ್ತಲೇ ಕೊಯ್ಲು. ಮನೆಮನೆಯಲ್ಲೂ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸರು.

ಈಗ ಕೊನೆಗೌಡನ ಮಗ ಬೆಂಗಳೂರು ಸೇರಿದ್ದಾನೆ, ತೋಟದ ಒಡೆಯನ ಮಗನೂ ಅಲ್ಲೇ. ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದಿದೆ. ದುಬಾರಿ, ಭಾರ, ಕಲಿಯಲು ತೋಳಬಲ ಬೇಕು. ಆದರೂ ಬಂದದ್ದು ಒಳ್ಳೆಯದಾಯಿತು. ಮರ ಹತ್ತುವ ವಿದ್ಯೆ ಮರೆಯಾಯಿತೆಂದು ದೂರದಲ್ಲಿ ಕೂತ ನಾವು ಹಲುಬುತ್ತೇವೆ. ಹತ್ತಿದವರ ಹೆಂಡಿರು ಹಲುಬಿದ್ದನ್ನು ನಾನು ಕೇಳಿಲ್ಲ.