ಕದಿರು ಕಟ್ಟಲು ಬಾಗಿಲು ಇಲ್ಲವೇ?

ಗಣೇಶ ಚೌತಿ ಕಳೆದ ದಿನದಿಂದ ಡಿಸೆಂಬರ ಮುಗಿಯುವವರೆಗೆ ಮುಂಬಯಿ ಕನ್ನಡಿಗನಿಗೆ ಒಂದು ಭಾನುವಾರವೂ ಪುರುಸೊತ್ತಿಲ್ಲ. ಈ ವಾರ ಜಾತಿ ಸಂಘದ ವಾರ್ಷಿಕೋತ್ಸವ, ಮುಂದಿನ ವಾರ ಊರ ಸಮಿತಿಯ ಯಕ್ಷಗಾನ, ಅದರ ಮುಂದಿನ ವಾರ ನಾಡಹಬ್ಬ, ಆಮೇಲೆ ರಾಜ್ಯೋತ್ಸವ. ಶಾಲು, ಹಾರ, ಫಲಪುಷ್ಪಗಳಿಗೆ ಬರಗಾಲವಿಲ್ಲ. ಸನ್ಮಾನ ಮಾಡುವವರು, ಮಾಡಿಸಿಕೊಳ್ಳುವವರು, ಅದನ್ನು ನೋಡಿ ಚಪ್ಪಾಳೆ ತಟ್ಟುವವರು ಎಲ್ಲರೂ ನಮ್ಮವರೇ. ಸಂತೋಷ. ಇಷ್ಟೆಲ್ಲ ಸಂಭ್ರಮದ ನಡುವೆ ನಾನು ಕೇಳಬಯಸುವ ಪ್ರಶ್ನೆ ಒಂದೇ: ಈ ವರ್ಷ ನಿಮ್ಮ ಮನೆಯಲ್ಲಿ ಹೊಸ ಅಕ್ಕಿಯ ಊಟ ಆಯಿತೇ?

'ಆಯಿತಲ್ಲ, ನಮ್ಮ ಸಂಘದಲ್ಲಿ ಭರ್ಜರಿಯಾಗಿಯೇ ಆಯಿತು' ಎನ್ನುವವರು ಬಹಳ. ನಾನು ಕೇಳಿದ್ದು ಸಂಘದ ಮಾತಲ್ಲ, ಮನೆಯ ಮಾತು.

ಹೊಸ ಅಕ್ಕಿಯ ಊಟವೆಂದರೆ ಏನೆಂದು ಹಿರಿಯರಿಗೆ ಹೇಳಬೇಕಾಗಿಲ್ಲ. ಆದರೆ ಈ ಪತ್ರಿಕೆಯನ್ನು ಅಪ್ಪ ಅಮ್ಮಂದಿರಿಂದ ಓದಿಸಿ ಕೇಳುವ ಮಕ್ಕಳೂ ಇದ್ದಾರೆ, ಅವರಿಗಾಗಿ ನಾಲ್ಕು ಮಾತು. ಕರಾವಳಿಯಲ್ಲಿ ಗದ್ದೆಯ ಮೊದಲ ತೆನೆ ಬಲಿತಾಗ, ಚೌತಿ ನವರಾತ್ರಿಗಳ ಆಸುಪಾಸಿನಲ್ಲಿ, ಮನೆಯ ಯಜಮಾನ ಬೆಳಿಗ್ಗೆ ಸ್ನಾನ ಮಾಡಿ ಹೋಗಿ ಒಂದು ಹಿಡಿ ಕದಿರನ್ನು ಕೊಯ್ದು ತರುತ್ತಿದ್ದ. ದೀಪದ ಮುಂದಿಟ್ಟು ಕೈಮುಗಿದ ಮೇಲೆ ಮಾವಿನೆಲೆ, ಹಲಸಿನೆಲೆ, ಬಿದಿರೆಲೆ, ಅಶ್ವತ್ಥದೆಲೆಗಳ ಜೊತೆ ಎರಡು ಮೂರು ತೆನೆ ಸೇರಿಸಿ ನಾರಿನಿಂದ ಕಟ್ಟುತ್ತಿದ್ದರು. ಎಲ್ಲಿಗೆ? ಬಾಗಿಲಿಗೆ, ಕಂಬಕ್ಕೆ, ಕಣಜಕ್ಕೆ, ನೇಗಿಲಿಗೆ, ದನದ ಹಟ್ಟಿಗೆ, ಮಗುವಿನ ತೊಟ್ಟಿಲಿಗೆ. ಮನೆಯನ್ನು ಸಾಕುವ ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಮನೆಗಳ ಅಲಂಕಾರವೆಂದರೆ ಅದೇ ಆಗಿತ್ತು. ಅನಂತರ ಒಳ್ಳೆಯ ದಿನ ನೋಡಿ ಹೊಸ ಅಕ್ಕಿಯ ಅನ್ನ, ಪಾಯಸ, ಹರಿವೆ, ಹೀರೆ, ಬೆಂಡೆಗಳ ಪದಾರ್ಥ, ಅರಸಿನೆಲೆಯ ಕಡುಬು. ಎಲೆಯ ಮುಂದೆ ಕುಳಿತ ಕಿರಿಯರು 'ಹೊಸತು ಉಣ್ಣುತ್ತೇನೆ' ಎಂದು ಹಿರಿಯರ ಅಪ್ಪಣೆ ಕೇಳಿಯೇ ಮೊದಲ ತುತ್ತು ಎತ್ತಬೇಕು. ತುಳುವರು ಇದನ್ನು ಪುದ್ವಾರ್ ಎಂದರು, ಕುಂದಾಪುರದವರು ಹೊಸ್ತು ಎಂದರು.

ಕರಾವಳಿಯವರದ್ದೇ ಗುತ್ತಿಗೆಯೆಂದು ಯಾರೂ ಭಾವಿಸಬೇಡಿ. ಕೊಡಗಿನಲ್ಲಿ ಹುತ್ತರಿಯ ರಾತ್ರಿ ಗದ್ದೆಯಿಂದ ಕದಿರು ಮನೆಗೆ ಬರುತ್ತದೆ. ಸಾಗರ ಸೊರಬದ ಕಡೆ ಭೂಮಿ ಹುಣ್ಣಿಮೆಗೆ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆದು, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ಯುತ್ತಾರೆ. ಕಲಬುರ್ಗಿ, ವಿಜಯಪುರದ ಮಂದಿ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೆಳೆಯ ನಡುವೆಯೇ ಕುಳಿತು ಕಡುಬು, ಭಜ್ಜಿ ಉಣ್ಣುತ್ತಾರೆ. ಮಂಗಳೂರಿನ ಕ್ರೈಸ್ತ ಬಾಂಧವರು ಸೆಪ್ಟೆಂಬರ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಂಡು, ಅಂದು ಮೀನು ಮಾಂಸ ಬಿಟ್ಟು ತರಕಾರಿ ಊಟ ಮಾಡುತ್ತಾರೆ. ಹೆಸರು ಬೇರೆ, ದೇವರು ಬೇರೆ. ಆದರೆ ಅನ್ನ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳದೆ ಅನ್ನಕ್ಕೆ ಕೈಹಾಕಬಾರದು ಎಂಬ ಮರ್ಯಾದೆ ಒಂದೇ.

ಈಗ ನವೆಂಬರದ ಕೊನೆಗೆ ಬನ್ನಿ. ಅಮೇರಿಕಾದಲ್ಲಿರುವ ಮಗನೋ ಮಗಳೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಚಿತ್ರಗಳನ್ನು ಮೊಬೈಲಿಗೆ ಕಳುಹಿಸುತ್ತಾರೆ. ಬಾಗಿಲಿಗೆ ಒಣಗಿದ ಜೋಳದ ತೆನೆ, ಮೇಜಿನ ಮೇಲೆ ಕುಂಬಳಕಾಯಿ, ಸುತ್ತ ಹತ್ತಾರು ಜನ. ನಾವು ಅದನ್ನು ನೆರೆಮನೆಯವರಿಗೂ ತೋರಿಸಿ, 'ನೋಡಿ, ಅಲ್ಲಿಯವರಿಗೆ ಕುಟುಂಬವೆಂದರೆ ಎಷ್ಟು ಪ್ರೀತಿ' ಎಂದು ಹೊಗಳುತ್ತೇವೆ. ಹೊಗಳಬೇಕಾದದ್ದೇ. 1621ರಲ್ಲಿ ಪ್ಲಿಮತ್‌ನಲ್ಲಿ ವಲಸೆ ಬಂದವರು ಮೊದಲ ಸುಗ್ಗಿಯಾದ ಮೇಲೆ ಅಲ್ಲಿಯ ಮೂಲನಿವಾಸಿಗಳಾದ ವಾಂಪನೋಗರ ಜೊತೆ ಕುಳಿತು ಉಂಡ ನೆನಪು ಅದರ ಹಿಂದಿದೆ. ಆ ಮೂಲನಿವಾಸಿಗಳ ನೆಲ ಆಮೇಲೆ ಯಾರ ಪಾಲಾಯಿತೆಂಬ ದುಃಖದ ಕಥೆಯೂ ಅದರ ಬೆನ್ನಿಗಿದೆ. ಅವರ ವಂಶದ ಕೆಲವರು 1970ರಿಂದ ಅದೇ ದಿನವನ್ನು ಶೋಕದ ದಿನವೆಂದು ಆಚರಿಸುತ್ತಾರೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು. 1941ರಲ್ಲಿ ನವೆಂಬರದ ನಾಲ್ಕನೆಯ ಗುರುವಾರವೆಂದು ಕಾನೂನೇ ಆಯಿತು. ಅಂದು ಅಲ್ಲಿಯವರು ವಿಮಾನ ಹಿಡಿದು ಸಾವಿರ ಮೈಲಿಯಾಚೆಯ ತಂದೆತಾಯಿಗಳ ಮನೆಗೆ ಹೋಗುತ್ತಾರೆ. ಗಮನಿಸಿ, ಸಭಾಗೃಹಕ್ಕಲ್ಲ, ಮನೆಗೆ.

ನಮ್ಮ ಮುಂಬಯಿಗೆ ಇದರಿಂದ ಬಂದದ್ದೇನು? ಗುರುವಾರದ ಕೃತಜ್ಞತೆ ಬರಲಿಲ್ಲ, ಶುಕ್ರವಾರದ ವ್ಯಾಪಾರ ಬಂತು. 'ಬ್ಲ್ಯಾಕ್ ಫ್ರೈಡೇ' ಎಂಬ ಬೋರ್ಡು ಮಾಲುಗಳಲ್ಲಿ ನೇತಾಡುತ್ತದೆ, ನಮ್ಮ ಮಕ್ಕಳು ರಿಯಾಯಿತಿಯ ಬೂಟು ಹುಡುಕುತ್ತಾರೆ. ಆ ಮಕ್ಕಳಿಗೆ ಹುತ್ತರಿ ಯಾವಾಗ, ಕದಿರು ಯಾವ ಬಣ್ಣ, ಭತ್ತಕ್ಕೂ ಅಕ್ಕಿಗೂ ಏನು ವ್ಯತ್ಯಾಸ ಎಂದು ಕೇಳಿ ನೋಡಿ. ಅಕ್ಕಿ ಪ್ಲಾಸ್ಟಿಕ್ ಚೀಲದಿಂದ ಬರುತ್ತದೆ ಎಂದರೆ ತಪ್ಪು ಅವರದಲ್ಲ. ನಾವು ತೋರಿಸಲಿಲ್ಲ.

'ಮುಂಬಯಿಯಲ್ಲಿ ಜಾಗವೆಲ್ಲಿದೆ ಮಾರಾಯರೆ' ಎನ್ನುತ್ತಾರೆ. ಈ ಮಾತನ್ನು ಹೇಳುವಾಗ ನಮಗೆ ನಾಚಿಕೆಯಾಗಬೇಕು. ವರ್ಲಿ, ನಾಯಗಾಂವದ ಬಿಡಿಡಿ ಚಾಳುಗಳ ಖೋಲಿ 160 ಚದರಡಿ. ಅಂಥ ಖೋಲಿಗಳಲ್ಲೇ ನಮ್ಮ ಹಿರಿಯರು ಸಂಸಾರ ಮಾಡಿದರು. ಊರಿನಿಂದ ಕೆಲಸ ಹುಡುಕಿ ಬಂದ ಭಾವನ ತಮ್ಮನಿಗೂ, ಆಸ್ಪತ್ರೆಗೆಂದು ಬಂದ ಚಿಕ್ಕಮ್ಮನಿಗೂ ಅಲ್ಲೇ ಚಾಪೆ ಹಾಸಿದರು. ಒಳಗೆ ಹಿಡಿಸದವರು ಪಡಸಾಲೆಯಲ್ಲಿ ಮಲಗಿದರು. ಈಗ ಆ ಚಾಳುಗಳು ಒಂದೊಂದಾಗಿ ಇಳಿದು ಗೋಪುರಗಳು ಏಳುತ್ತಿವೆ. 2025ರ ಆಗಸ್ಟಿನಲ್ಲಿ ವರ್ಲಿಯಲ್ಲಿ 500 ಚದರಡಿಯ ಹೊಸ ಮನೆಗಳ ಮೊದಲ ಕಂತಿನ ಬೀಗದ ಕೈ ಹಂಚಿದರು. ಉಪನಗರಗಳಲ್ಲಿ ಅದಕ್ಕಿಂತ ದೊಡ್ಡ ಮನೆ ಮಾಡಿದ ಕನ್ನಡಿಗರು ಎಷ್ಟಿಲ್ಲ? ಜಾಗ ಮೂರು ಪಟ್ಟಾಯಿತು, ಎಲೆಗಳ ಸಂಖ್ಯೆ ಮೂರಕ್ಕಿಳಿಯಿತು. ಅಣ್ಣ ಥಾಣೆಯಲ್ಲಿ, ತಮ್ಮ ಮೀರಾ ರೋಡಿನಲ್ಲಿ, ತಂಗಿ ನೆರೂಳಿನಲ್ಲಿ. ಮೂವರೂ ಭೇಟಿಯಾಗುವುದು ಯಾರದೋ ಮದುವೆಯ ಆರತಕ್ಷತೆಯ ಸಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು. ಇದು ಜಾಗದ ಬಡತನವಲ್ಲ.

'ಭತ್ತ ಎಲ್ಲಿಂದ ತರೋಣ?' ಎಂಬುದು ಎರಡನೆಯ ನೆಪ. ದಸರೆಯ ಮುನ್ನಾದಿನ ದಾದರ ಸ್ಟೇಶನ್ನಿನ ಹೊರಗೆ ಕಣ್ಣು ತೆರೆದು ನಡೆಯಿರಿ. ಗೊಂಡೆ ಹೂವು, ಮಾವಿನೆಲೆಗಳ ನಡುವೆ ಭತ್ತದ ತೆನೆ ಪೋಣಿಸಿದ ತೋರಣವನ್ನು ಆದಿವಾಸಿ ಹೆಂಗಸರು ನೆಲದ ಮೇಲೆ ಹರವಿಕೊಂಡು ಕುಳಿತಿರುತ್ತಾರೆ. ನಸುಕಿನ ಲೋಕಲ್ ಗಾಡಿಯಲ್ಲಿ ಹೊರೆ ಹೊತ್ತು ತಂದ ತೆನೆ ಅದು. ಮರಾಠಿ ನೆರೆಯವರು ಅದನ್ನು ಕೊಂಡು ಬಾಗಿಲಿಗೆ ಕಟ್ಟುತ್ತಾರೆ. ನಾವು ಅದನ್ನು ದಾಟಿಹೋಗಿ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ತರುತ್ತೇವೆ. ಒಮ್ಮೆ ಕಟ್ಟಿದರೆ ಐದು ವರ್ಷ ಬಾಡುವುದಿಲ್ಲ, ದೀಪಾವಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಾಡದ ಎಲೆಗೆ ಹಬ್ಬ ಯಾವುದು, ಮರುದಿನ ಯಾವುದು?

ಈ ನಗರದ ಮೂಲನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ರೈಸ್ತರನ್ನು ನೋಡಿ. ಅಕ್ಟೋಬರದ ಮೊದಲ ಭಾನುವಾರ ಅವರ ಅಗೇರಾ ಹಬ್ಬ. ಅವರ ಎಷ್ಟೋ ಗದ್ದೆಗಳ ಮೇಲೆ ಇಂದು ನಾವು ವಾಸಿಸುವ ಬಿಲ್ಡಿಂಗುಗಳಿವೆ. ಗದ್ದೆ ಹೋದರೂ ಅವರು ತೆನೆಯನ್ನು ಬಿಡಲಿಲ್ಲ. ಹೊಸ ಬೆಳೆಯನ್ನು ಮೆರವಣಿಗೆಯಲ್ಲಿ ಇಗರ್ಜಿಗೆ ಒಯ್ಯುತ್ತಾರೆ. ನಮಗೋ ಊರಿನಲ್ಲಿ ಗದ್ದೆ ಇನ್ನೂ ಇದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಅದು ಒಂದು ರಾತ್ರಿಯ ಪಯಣ. ಆದರೂ ಗದ್ದೆ ಹಡಿಲು ಬಿದ್ದಿದೆ. ಹಡಿಲು ಗದ್ದೆಗಳನ್ನು ಮತ್ತೆ ಉತ್ತು ನೇಜಿ ನೆಡಲು 2021ರಲ್ಲಿ ಉಡುಪಿಯಲ್ಲಿ ಒಂದು ಆಂದೋಲನವನ್ನೇ ನಡೆಸಬೇಕಾಯಿತು. ಗೇಯಲು ನಮ್ಮಿಂದಾಗದಿರಬಹುದು, ಬೆಳೆದವರಿಂದ ಎರಡು ಸೇರು ಹೊಸ ಅಕ್ಕಿ ತರಿಸಲೂ ಆಗದೇ? ಊರಿನ ಬಸ್ಸಿನಲ್ಲಿ ಹಲಸಿನ ಹಪ್ಪಳ ಬರುತ್ತದೆ, ಮಲ್ಲಿಗೆ ಬರುತ್ತದೆ, ಅಕ್ಕಿ ಬರಲಾರದೇ?

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. 'ಇದೆಲ್ಲ ಉಳ್ಳವರ ಹಬ್ಬ. ಗದ್ದೆ ಗೇದು ಗೇಣಿ ಅಳೆದು ಕೊಟ್ಟ ನಮ್ಮ ಹಿರಿಯರಿಗೆ ಇದರಲ್ಲಿ ಏನಿತ್ತು?' ಎಂದು ವಿಚಾರವಂತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೆಳೆದವನ ಪಾಲಿಗೆ ಜಳ್ಳು, ಧಣಿಯ ಕಣಜಕ್ಕೆ ಕಾಳು ಎಂಬ ಕಾಲ ಇತ್ತು. ಹಾಗಿರುವುದರಿಂದಲೇ ನಾವು ಈ ಊಟವನ್ನು ಬಿಡಬಾರದು ಎನ್ನುತ್ತೇನೆ. 1974ರ ಭೂಸುಧಾರಣೆ ಕಾನೂನಿನ ಬಳಿಕ ಎಷ್ಟೋ ಒಕ್ಕಲು ಮನೆಗಳಲ್ಲಿ ಯಾರಿಗೂ ಗೇಣಿ ಅಳೆಯದೆ ಹೊಸ ಅಕ್ಕಿಯ ಅನ್ನ ಬೆಂದಿತು. ಆ ಮನೆಗಳ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ತಲೆತಲಾಂತರ ಕಾದು ಪಡೆದ ಎಲೆಯನ್ನು ಒಂದೇ ತಲೆಮಾರಿನಲ್ಲಿ ಮಡಚಿ ಎದ್ದವರು ನಾವು. ಧಣಿಯ ಹಬ್ಬವಾಗಿದ್ದರೆ ಅದನ್ನು ಗೇದವನ ಹಬ್ಬ ಮಾಡೋಣ. ತೆನೆ ಮಾರಿದ ಆದಿವಾಸಿ ಹೆಂಗಸನ್ನೂ, ನೇಜಿ ನೆಟ್ಟ ಕೂಲಿಯವರನ್ನೂ ಮಕ್ಕಳ ಮುಂದೆ ನೆನೆಯೋಣ.

ಇನ್ನು ನಮ್ಮ ಸಂಘಸಂಸ್ಥೆಗಳ ಮಾತು. ಚಾಳಿನ ಕಾಲದಲ್ಲಿ, ಒಂಟಿಯಾಗಿ ಬಂದು ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದ ಹುಡುಗರಿಗೆ ಸಂಘವೇ ಮನೆಯಾಗಿತ್ತು. ಆ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಮನೆಯಿಲ್ಲದವರಿಗೆ ಮನೆಯಾಗಿದ್ದ ಸಂಘ, ಮನೆಯಿದ್ದವರ ಹಬ್ಬವನ್ನೂ ಎತ್ತಿಕೊಂಡು ಹೋದದ್ದು ಸರಿಯೇ? ಸಭಾಗೃಹದ ಹೊಸ ಅಕ್ಕಿ ಊಟವೆಂದರೆ ಏನು? ಎರಡು ತಾಸು ಭಾಷಣ, ವೇದಿಕೆಯ ಮೇಲೆ ಕದಿರು ಹಿಡಿದು ಹತ್ತು ಗಣ್ಯರ ಛಾಯಾಚಿತ್ರ, ಆಮೇಲೆ ಕ್ಯಾಟರಿಂಗಿನವರ ತಟ್ಟೆಗೆ ಸಾಲು. ಅಲ್ಲಿ ಮೊಮ್ಮಗ ಯಾರ ಅಪ್ಪಣೆ ಕೇಳಬೇಕು? ಅಧ್ಯಕ್ಷರದೇ, ಕೋಶಾಧಿಕಾರಿಯದೇ? ಅಜ್ಜಿ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿರುತ್ತಾಳೆ. ಯಾರ ಕಾಲು ಮುಟ್ಟಿ ಹೊಸತು ಉಣ್ಣಬೇಕೋ ಅವಳು ಅಂದು ಒಬ್ಬಳೇ ನಿನ್ನೆಯ ಸಾರು ಬಿಸಿಮಾಡಿ ಉಣ್ಣುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಯಾರಿಗಾಗಿ ಹುಟ್ಟಿತೋ!

ಭಾಷೆಯ ವಿಷಯವೂ ಇಲ್ಲೇ ಇದೆ. ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ರಾಜ್ಯೋತ್ಸವದ ವೇದಿಕೆಯಲ್ಲಿ ಕಣ್ಣೀರಿಡುತ್ತೇವೆ. ಮನೆಮಾತು ಕನ್ನಡವಿರಲಿ, ತುಳುವಿರಲಿ, ಕೊಂಕಣಿಯಿರಲಿ, ಅದು ಮೈಕಿನಿಂದ ಬರುವುದಿಲ್ಲ. ತೆಂಗಿನಕಾಯಿ ತುರಿಯುವಾಗ, ಎಲೆ ಒರೆಸುವಾಗ, 'ಇನ್ನೊಂದು ಕಡುಬು ಹಾಕಲೇ' ಎಂದು ದೊಡ್ಡಮ್ಮ ಕೇಳುವಾಗ ಬರುತ್ತದೆ. ಆಡುವ ಸಂದರ್ಭವನ್ನೇ ಕಿತ್ತುಹಾಕಿ ಆಡುವುದಿಲ್ಲವೆಂದು ಮಕ್ಕಳನ್ನು ದೂರುವುದು ಯಾವ ನ್ಯಾಯ?

'ಮಾಡುವವರು ಯಾರು? ಕೊನೆಗೆ ಒಲೆಯ ಮುಂದೆ ನಿಲ್ಲುವವರು ನಾವೇ ತಾನೆ' ಎಂದು ಗೃಹಿಣಿಯರು ಕೇಳಿದರೆ ಅವರ ಪರವಾಗಿಯೇ ನಾನು ನಿಲ್ಲುತ್ತೇನೆ. ನೌಕರಿ, ಲೋಕಲ್ ಗಾಡಿ, ಅಡುಗೆಮನೆ ಮೂರನ್ನೂ ಹೊತ್ತವರ ತಲೆಯ ಮೇಲೆ ನಾಲ್ಕನೆಯ ಹೊರೆಯಾಗಿ ಹಬ್ಬವನ್ನು ಇಡುವುದಾದರೆ ಅದು ಬೇಡವೇ ಬೇಡ. ಆದರೆ ಮುಂಬಯಿಗೆ ಇಡ್ಲಿ, ದೋಸೆ, ಬಾಳೆಲೆಯ ಊಟ ಉಣಿಸಿದವರು ನಮ್ಮ ಗಂಡಸರು. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅದಕ್ಕೆ ಸಾಕ್ಷಿ. ಗಿರಾಕಿಗೆ ಬಡಿಸಿದ ಕೈ ಅಕ್ಕ ತಂಗಿಯರಿಗೆ ಬಡಿಸಿದರೆ ಸವೆಯುವುದೇ? ಅಂದು ಗಂಡಸರು ಅಡುಗೆಮನೆಗೆ ಹೋಗಲಿ. ಒಂಬತ್ತು ಬಗೆ ಬೇಡ, ಅನ್ನ, ಸಾರು, ಒಂದು ಪಲ್ಯ, ಒಂದು ಪಾಯಸ ಸಾಕು.

ನನ್ನ ಬೇಡಿಕೆ ಸ್ಪಷ್ಟವಾಗಿದೆ. ದಸರೆ ಕಳೆದು ಬರುವ ಮೊದಲ ಭಾನುವಾರ ಮುಂಬಯಿಯ ಕನ್ನಡ ಸಂಘಗಳೆಲ್ಲ, ಈ ಪತ್ರಿಕೆಯನ್ನು ನಡೆಸುವ ಸಂಘವೂ ಸೇರಿ, ತಮ್ಮ ಸಭಾಗೃಹಗಳಿಗೆ ಬೀಗ ಹಾಕಲಿ. ಅಂದು ಸನ್ಮಾನ ಬೇಡ, ನಾಟಕ ಬೇಡ, ಮಹಾಸಭೆ ಬೇಡ. ಪ್ರತಿ ಕುಟುಂಬದಲ್ಲಿ ಹಿರಿಯರಿರುವ ಮನೆಗೆ ಉಳಿದವರು ಹೋಗಲಿ. ಬಿಲ್ಡಿಂಗಿನಲ್ಲಿ ಒಬ್ಬರೇ ಇರುವ ಕನ್ನಡದ ಮುದುಕ ಮುದುಕಿಯರನ್ನೂ, ಊರು ಬಿಟ್ಟು ಬಂದು ಪೇಯಿಂಗ್ ಗೆಸ್ಟ್ ಆಗಿರುವ ಹುಡುಗ ಹುಡುಗಿಯರನ್ನೂ, ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಸಂಸಾರವನ್ನೂ ಕರೆಯಲಿ. ಬಾಗಿಲಿನ ಪ್ಲಾಸ್ಟಿಕ್ ತೋರಣ ಇಳಿಯಲಿ, ಮೂರು ತೆನೆಯ ಕದಿರು ಏರಲಿ. ಮಕ್ಕಳೇ ಅದನ್ನು ಕಟ್ಟಲಿ. ಅಕ್ಕಿಡಬ್ಬಿಗೂ ಒಂದು ಕಟ್ಟಿ, ನೇಗಿಲಿನ ಬದಲು ಮನೆಯವರು ದುಡಿಯಲು ಒಯ್ಯುವ ಚೀಲಕ್ಕೂ ಒಂದು ಕಟ್ಟಿ.

ಆ ಭಾನುವಾರದಂದು ಸಂಘಗಳ ಖುರ್ಚಿಗಳು ಖಾಲಿ ಬಿದ್ದರೆ ಪದಾಧಿಕಾರಿಗಳು ಚಿಂತಿಸಬೇಕಾಗಿಲ್ಲ. ಸಂಘ ಕಟ್ಟಿದ್ದು ಮನೆಗಳು ತುಂಬಿರಲಿ ಎಂದೇ ಹೊರತು ಬೇರೆ ಯಾವುದಕ್ಕೂ ಅಲ್ಲ.