ಕೂಸಿನ ಮೈ ಕಾದ ರಾತ್ರಿ

ನಮ್ಮ ಮನೆ, ನಮ್ಮ ಮಕ್ಕಳು



ಊರಿನಲ್ಲಿದ್ದಾಗ ಕೂಸಿನ ಮೈ ಬೆಚ್ಚಗಾದರೆ ಓಣಿಯ ನಾಲ್ಕು ಜನ ಹಿರಿಯರು ಬಂದು ಕೂಡುತ್ತಿದ್ದರು. ಪರಊರಿಗೆ ಬಂದ ನಮಗೆ ಆ ಬೆಂಬಲವಿಲ್ಲ. ಗಂಡನಿಗೆ ರಾತ್ರಿ ಪಾಳಿ, ಔಷಧದ ಅಂಗಡಿಯವನ ಭಾಷೆ ಬೇರೆ, ಸೀಸೆಯ ಮೇಲಿನ ಅಕ್ಷರ ಇಂಗ್ಲಿಷು. ಇಂಥ ಹೊತ್ತಿನಲ್ಲಿ ಧೈರ್ಯಗೆಡುವುದು ಸಹಜ. ಆದ್ದರಿಂದ ಈ ಸಲ ಜ್ವರದ ವಿಷಯವನ್ನೇ ಮಾತನಾಡೋಣ.

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಮನೆಯ ಕದವನ್ನು ನಡುರಾತ್ರಿ ಯಾರೋ ಬಡಿದರು. ಮೇಲಿನ ಮಹಡಿಯ ಹುಬ್ಬಳ್ಳಿಯ ಹುಡುಗಿ. “ಕಾಕೂ, ಲಗೂ ಬರ್ರಿ, ಕೂಸಿನ ಮೈ ಕೆಂಡಧಂಗ ಸುಡಾಕತ್ತೇತ್ರಿ” ಎಂದಳು. ದಾದಿಯಾಗಿ ಮೂವತ್ತು ವರ್ಷ ದುಡಿದವಳೆಂದು ಅವರಿಗೆ ನನ್ನ ಮೇಲೆ ಭರವಸೆ. ಹೋಗಿ ನೋಡಿದರೆ ಕಿಟಕಿಗಳೆಲ್ಲ ಮುಚ್ಚಿವೆ. ಒಂದೂವರೆ ವರ್ಷದ ಮಗು ಉಣ್ಣೆಯ ಟೊಪ್ಪಿಗೆ ತೊಟ್ಟು ಕಂಬಳಿಯೊಳಗೆ ನರಳುತ್ತಿದೆ. ಪಕ್ಕದ ಮನೆಯವರು ಪ್ರೀತಿಯಿಂದಲೇ ಐಸಿನ ತುಂಡು ತಂದಿದ್ದಾರೆ. ಆ ತಾಯಿ ಚಮಚಕ್ಕೆ ಔಷಧ ಸುರಿಯುತ್ತಿದ್ದಾಳೆ.

ಅವಳ ಕೈ ಹಿಡಿದು, “ಮೊದಲು ಏನಾದರೂ ಕೊಟ್ಟೀಯೇನವ್ವಾ?” ಎಂದು ಕೇಳಿದೆ. “ಇಲ್ರಿ, ಈಗ ತಂದೇನಿ” ಎಂದಳು. ಮೂಲೆಯಲ್ಲಿದ್ದ ಅತ್ತೆಯವರು, “ನೀ ಅಂಗಡಿಗೆ ಹೋದಾಗ ನಾ ಕೊಟ್ಟೇನಲ್ಲ, ಆ ಹಳೇ ಸೀಸೇದು” ಎಂದರು. ಎರಡು ಸೀಸೆಗಳನ್ನೂ ದೀಪಕ್ಕೆ ಹಿಡಿದು ಓದಿದೆ. ಹೆಸರು ಬೇರೆ, ಬಣ್ಣ ಬೇರೆ. ಒಳಗಿದ್ದುದು ಒಂದೇ ಪ್ಯಾರಾಸಿಟಮಾಲ್. ಹೊಸದು ಇಮ್ಮಡಿ ಬಲದ್ದು. ಅರ್ಧ ತಾಸಿನ ಅಂತರದಲ್ಲಿ ಅದೇ ಔಷಧ ಮತ್ತೆ ಹೊಟ್ಟೆಗೆ ಹೋಗುವುದಿತ್ತು! ಅಳತೆಯಲ್ಲಿ ಕೊಟ್ಟರೆ ಇದರಷ್ಟು ಒಳ್ಳೆಯ ಜ್ವರದ ಔಷಧವಿಲ್ಲ. ಮೀರಿದರೆ ಯಕೃತ್ತನ್ನೇ ಕೆಡಿಸೀತು.

ಆದ್ದರಿಂದ ಅಳತೆಯ ಲೆಕ್ಕ ತಿಳಿದಿರಲಿ. ಮಗುವಿನ ತೂಕದ ಒಂದೊಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 100ರಿಂದ 150. ನಮ್ಮಲ್ಲಿ ಸಿಗುವ ಸೀಸೆಗಳಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವುದೊಂದು, 250 ಇರುವುದಿನ್ನೊಂದು. ಎಳೆ ಕೂಸುಗಳ ಹನಿ ಔಷಧದಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರಿಗೆ 100. ಹನಿಯ ಸೀಸೆಯಿಂದ 5 ಮಿಲಿಲೀಟರು ಕೊಟ್ಟರೆ 500 ಮಿಲಿಗ್ರಾಂ ಆಯಿತೆಂಬುದನ್ನು ಮರೆಯಬೇಡಿರಿ. ಎರಡು ಸಲಗಳ ನಡುವೆ ನಾಲ್ಕು ತಾಸಾದರೂ ಕಳೆಯಬೇಕು. ದಿನವೊಂದಕ್ಕೆ ನಾಲ್ಕು ಸಲ ಮೀರಬಾರದು. ಅಡುಗೆಮನೆಯ ಚಮಚ ಬೇಡ, ಸೀಸೆಯೊಡನೆ ಬಂದ ಅಳತೆಯನ್ನೇ ಬಳಸಿರಿ. ಕೊಟ್ಟವರು ಯಾರು, ಎಷ್ಟು, ಎಷ್ಟು ಗಂಟೆಗೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಅತ್ತೆ ಸೊಸೆ ಇಬ್ಬರೂ ಮಗುವನ್ನು ನೋಡಿಕೊಳ್ಳುವ ಮನೆಗೆ ಇದು ಬಹಳ ಅಗತ್ಯ.

ಆಸ್ಪಿರಿನ್ನನ್ನು ಮಕ್ಕಳ ಜ್ವರಕ್ಕೆ ಕೊಡತಕ್ಕದ್ದಲ್ಲ. ಮಿದುಳು, ಯಕೃತ್ತುಗಳಿಗೆ ತಗಲುವ, 1963ರಲ್ಲಿ ಆಸ್ಟ್ರೇಲಿಯದ ಡಾ. ರೈ ಅವರು ವಿವರಿಸಿದ ಘೋರ ವ್ಯಾಧಿಗೂ ಅದಕ್ಕೂ ಸಂಬಂಧವಿದೆ. ನಿಮೆಸುಲೈಡನ್ನು ಹನ್ನೆರಡರೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲಿ ಸರ್ಕಾರವೇ ನಿಷೇಧಿಸಿದೆ. ಡೆಂಗಿಯ ಸಂಶಯವಿದ್ದರೆ ಐಬುಪ್ರೊಫೆನ್ ಕೂಡ ಬೇಡ, ರಕ್ತಸ್ರಾವದ ಭಯವಿದೆ.

ಇನ್ನು ಮೈ ತಣಿಸುವ ಮಾತು. ಆ ರಾತ್ರಿ ನಾನು ಮಾಡಿದ್ದಿಷ್ಟೆ: ಕಂಬಳಿ, ಟೊಪ್ಪಿಗೆ ತೆಗೆಸಿ ತೆಳುವಾದ ಹತ್ತಿಯ ಅಂಗಿ ತೊಡಿಸಿ, ಕಿಟಕಿ ತೆರೆದೆ. ಐಸನ್ನು ಹಿಂದಕ್ಕೆ ಕಳುಹಿಸಿದೆ. ತಣ್ಣೀರು ಸೋಕಿದರೆ ಚರ್ಮದ ರಕ್ತನಾಳಗಳು ಕುಗ್ಗಿ, ಮೈ ನಡುಗಿ, ಒಳಗಿನ ಕಾವು ಹೊರಬೀಳದೆ ಉಳಿಯುತ್ತದೆ. ಸ್ಪಿರಿಟ್ಟನ್ನಂತೂ ಹಚ್ಚಲೇಬಾರದು, ಅದು ಚರ್ಮದಿಂದ ಒಳಗಿಳಿದು ವಿಷವಾದೀತು. ಒದ್ದೆ ಬಟ್ಟೆಯಿಂದ ಒರೆಸುವುದರಿಂದ ಸಿಗುವ ಗುಣ ಕ್ಷಣಿಕ. ಅದು ಅಗತ್ಯವೇ ಇಲ್ಲವೆಂದು ಈಗ ಅನೇಕ ವೈದ್ಯರ ಅಭಿಪ್ರಾಯ. ಒರೆಸುವುದಾದರೆ ಔಷಧ ಕೊಟ್ಟ ಮೇಲೆ, ಉಗುರು ಬೆಚ್ಚಗಿನ ನೀರಿನಲ್ಲಿ, ಮಗುವಿಗೆ ಹಿತವಾಗುವಷ್ಟು ಹೊತ್ತು ಮಾತ್ರ. ನಡುಗಿದರೆ ನಿಲ್ಲಿಸಿರಿ. ಔಷಧ ಕೆಲಸ ಮಾಡಲು ಅರ್ಧದಿಂದ ಒಂದು ತಾಸು ಬೇಕು. ಅಲ್ಲಿಯವರೆಗೆ ಎದೆಹಾಲು, ಗಂಜಿನೀರು, ಎಳನೀರು—ಗುಟುಕು ಗುಟುಕಾಗಿ ಹೋಗುತ್ತಿರಲಿ.

ಜ್ವರ ಸ್ವತಃ ರೋಗವಲ್ಲ, ರೋಗದೊಡನೆ ದೇಹ ಹೋರಾಡುತ್ತಿರುವ ಕುರುಹು. ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಮುಖ ನೋಡಿರಿ. ಆಡುತ್ತಿರುವ, ಕುಡಿಯುತ್ತಿರುವ ಮಗುವಿನ ಅಲ್ಪ ಜ್ವರಕ್ಕೆ ಔಷಧವೇ ಬೇಡ. ಆದರೆ ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೂ ಕೂಡಲೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಕಷ್ಟವಾದರೆ, ಕುತ್ತಿಗೆ ಬಿಗಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ, ಮೈಮೇಲೆ ಕೆಂಪು ಚುಕ್ಕೆ ಎದ್ದರೆ ಬೆಳಗಿನವರೆಗೆ ಕಾಯಬೇಡಿರಿ. ಮಳೆಗಾಲದ ಜ್ವರ ಎರಡು ಮೂರು ದಿನವಾದರೂ ಬಿಡದಿದ್ದರೆ ಮಲೇರಿಯ, ಡೆಂಗಿಯ ರಕ್ತಪರೀಕ್ಷೆ ಬೇಕಾದೀತು.

ನಮ್ಮ ಹಿರಿಯರು ಬಾಲಗ್ರಹ ಎನ್ನುತ್ತಿದ್ದ ಸೆಳವು, ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದಲ್ಲಿ ಬರುವುದುಂಟು. ನೋಡಲು ಎದೆ ನಡುಗಿಸಿದರೂ ಹೆಚ್ಚಿನವು ತಾವಾಗಿಯೇ ನಿಲ್ಲುತ್ತವೆ. ಮಗುವನ್ನು ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿರಿ. ಬಾಯಿಗೆ ಚಮಚ, ನೀರು, ಔಷಧ ಏನನ್ನೂ ಹಾಕಬೇಡಿರಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಉಪಯೋಗವಿಲ್ಲ. ಐದು ನಿಮಿಷ ಮೀರಿದರೆ 108ಕ್ಕೆ ಫೋನು ಮಾಡಿರಿ ಇಲ್ಲವೆ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೊರಡಿರಿ. ಬೇಗ ನಿಂತರೂ, ಮೊದಲ ಸಲವಾದರೆ ಅಂದೇ ವೈದ್ಯರಿಗೆ ತೋರಿಸಿರಿ.

ಹೊಸದಾಗಿ ಬಂದವರು ಇದನ್ನೂ ಕಲಿತಿಡಿರಿ: ಜ್ವರಕ್ಕೆ ಮರಾಠಿಯಲ್ಲಿ ತಾಪ, ಹಿಂದಿಯಲ್ಲಿ ಬುಖಾರ್, ತಮಿಳಿನಲ್ಲಿ ಕಾಯ್ಚಲ್, ತೆಲುಗಿನಲ್ಲಿ ಜ್ವರಂ.

ಮೇಲಿನ ಮಹಡಿಯ ಮಗುವಿಗೆ ಒಂದು ತಾಸಿನಲ್ಲಿ ಕಾವು 103ರಿಂದ 101ಕ್ಕೆ ಇಳಿಯಿತು. ಎರಡು ಬಟ್ಟಲು ಗಂಜಿನೀರು ಕುಡಿದು ನಿದ್ದೆ ಹೋಯಿತು. ಬೆಳಿಗ್ಗೆ ವೈದ್ಯರಿಗೆ ತೋರಿಸಿ ಬಂದರು. ಮರುವಾರ ನಾನು ಹೋದಾಗ ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಕೈಬರಹ ಕಂಡವು—ಸೊಸೆಯದೊಂದು, ಅತ್ತೆಯವರದೊಂದು. ನನಗೆ ಅಷ್ಟು ಸಾಕಾಯಿತು.